ಚಿರತೆಗೆ ದಾರ ಕಟ್ಟಿದ ಭಾವನವರು

ನಮ್ಮ ಭಾವನವರು ಬರಿಯ ಅಂಗಳದಲ್ಲಿ ನಡೆದು ಬಂದರೂ ಕಾಲನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ ಎತ್ತಿ ಇಡುತ್ತಿದ್ದರು, ಕೆರೆಗೆ ಇಳಿದ ಕೊಕ್ಕರೆಯ ಹಾಗೆ. ಹೊಸಬರು ನೋಡಿದರೆ ಕಾಲಿಗೆ ಏನೋ ರೋಗ ಎಂದುಕೊಳ್ಳುವರು. ರೋಗವಲ್ಲ. ಗುಡ್ಡದ ಕಾಲುದಾರಿಗಳಿಗೆ ತಾವೇ ಅಡ್ಡ ಕಟ್ಟಿದ ರೇಷ್ಮೆ ದಾರವನ್ನು ತಾವೇ ತುಳಿಯಬಾರದೆಂದು ದಾಟಿ ದಾಟಿ ಆ ನಡಿಗೆ ಮೈಗೆ ಹತ್ತಿಬಿಟ್ಟಿತ್ತು. ದೇವರ ಗುಡಿ ಸುತ್ತುವಾಗಲೂ ಹಾಗೇ.

"ಒಸಿ ನೆಟ್ಟಗೆ ನಡಿಯೋ ಮರಿ, ಊರೋರು ನಗ್ತಾರೆ" ಎಂದು ನಮ್ಮ ಅತ್ತೆ ಗೋಗರೆಯುವರು.

"ನಗ್ಲಿ ಬುಡವ್ವ. ನಕ್ರೆ ಅವ್ರ ಹಲ್ಲು ತಾನೆ ಕಾಣೋದು."

ಹೆಸರು ಮರೀಗೌಡ. ನನ್ನ ಯಜಮಾನರಿಗೆ ಅಣ್ಣ. ಪ್ಲೇಗಿನಲ್ಲಿ ಹೆಂಡತಿಯನ್ನು ಕಳೆದುಕೊಂಡವರು ಮತ್ತೆ ಮದುವೆಯಾಗಲಿಲ್ಲ. ಹೊಂಗನೂರು ದಾಟಿ ಸಾತನೂರು ದಾರಿಗೆ ಬಿದ್ದರೆ ಸಿಗುವ ಪುಟ್ಟ ಊರು ನಮ್ಮದು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ನಾನು ಸೊಸೆಯಾಗಿ ಬಂದಾಗ ಮೈಸೂರಿನಲ್ಲಿ ಮಹಾರಾಜರು ಆಳುತ್ತಿದ್ದ ಕಾಲ. ನನ್ನಪ್ಪ ಊರ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ, ನಾನು ಬಾಗಿಲ ಸಂದಿಯಲ್ಲಿ ಕೂತು ಕಲಿತೆ. ಆ ಪುಣ್ಯದಿಂದ ಇಷ್ಟು ಬರೆಯಲು ಬರುತ್ತದೆ. ಈಗ ವಯಸ್ಸಾಯಿತು. ಆದರೂ ಒಂದು ವಿಷಯ ಬರೆದು ಮುಗಿಸದೆ ಕಣ್ಣು ಮುಚ್ಚಬಾರದೆಂದು ಕೂತಿದ್ದೇನೆ.

ಸೊಸೆಯಾದವಳು ಭಾವನ ಎದುರಿಗೆ ನಿಲ್ಲಬಾರದು, ಬಾಯಿಬಿಟ್ಟು ಮಾತಾಡಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಒಂದೇ ಸೂರಿನಡಿ ಎಷ್ಟೋ ವರ್ಷ ಇದ್ದೂ ನಾವಿಬ್ಬರೂ ನೇರವಾಗಿ ಮಾತಾಡಿದವರಲ್ಲ. ಅವರಿಗೆ ಏನಾದರೂ ಬೇಕಾದರೆ ನಡುಮನೆಯ ಕಂಬಕ್ಕೆ ಹೇಳುವರು. "ಕಂಬವ್ವ, ಒಸಿ ಮಜ್ಜಿಗೆ ಇದ್ರೆ ಕೊಡ್ತೀಯಾ?" ನಾನು ಒಳಗಿನಿಂದ ಒರಳಿಗೆ ಉತ್ತರ ಹೇಳುವೆ. "ಒರಳೇ, ಮಜ್ಜಿಗೆ ಹುಳಿ ಆಗೈತೆ, ನೀರು ಬೆರೆಸಿ ಕೊಡ್ತೀನಿ." ಕಂಬ, ಒರಳುಗಳ ಈ ಸಂಸಾರವನ್ನು ಕೇಳಿ ನನ್ನ ಯಜಮಾನರು ಉಣ್ಣುತ್ತಿದ್ದ ತುತ್ತು ನೆತ್ತಿಗೇರುವಷ್ಟು ನಗುವರು.

ಹರೆಯದಲ್ಲಿ ಭಾವನವರು ಗಾಡಿ ಹೊಡೆಯುತ್ತಿದ್ದರು. ಸರ್ವೆಗೆ ಬಂದ ಒಬ್ಬ ಬಿಳಿಯ ದೊರೆಯ ಸಾಮಾನನ್ನು ಕ್ಲೋಸ್‌ಪೇಟೆಯ ಸ್ಟೇಷನ್ನಿನಿಂದ (ಈಗ ರಾಮನಗರ ಎನ್ನುತ್ತಾರೆ) ಮಾಗಡಿ, ಸಾವನದುರ್ಗ, ಕನಕಪುರದ ಕಾಡು ಎಂದು ಎರಡು ವರ್ಷ ಹೇರಿಕೊಂಡು ತಿರುಗಿದರು. ದೊರೆ ತನ್ನ ಸೀಮೆಗೆ ಹೊರಡುವಾಗ ಪಟ ತೆಗೆಯುವ ಹಳೆಯದೊಂದು ಪೆಟ್ಟಿಗೆಯನ್ನು ಇವರಿಗೇ ಕೊಟ್ಟು ಹೋದ. ಊರವರೆಲ್ಲ ಮದುವೆಯ ಪಟ ತೆಗೆಯುತ್ತಾರೆ ಎಂದುಕೊಂಡರೆ ಇವರ ಮನಸ್ಸು ಗುಡ್ಡದ ಮೇಲೆ.

"ಕೇಳು ಕಂಬವ್ವ. ಸೊಸೆ ಅತ್ತೆ ಮುಂದೆ ಒಂತರ ಇರ್ತಾಳೆ, ಅತ್ತೆ ಸಂತೆಗೆ ಓದ್ಮ್ಯಾಕೆ ಒಂತರ ಇರ್ತಾಳೆ. ಕಾಡಿನ್ ಮುರುಗಾನೂ ಅಂಗೆಯ. ಮನುಸ ಎದ್ರಿಗಿದ್ರೆ ಅದು ಓಡ್ತದೆ, ಇಲ್ಲ ಹಾಯ್ತದೆ. ಮನುಸ ಇಲ್ದಿದ್ದಾಗ ಎಂಗಿರ್ತದೆ ಅಂತ ನಂಗೆ ನೋಡ್ಬೇಕು."

ಒಳಗೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ಆ ಹೊತ್ತಿಗೆ ಅತ್ತೆ ಚನ್ನಪಟ್ಟಣದ ಸಂತೆಗೆ ಹೋಗಿದ್ದರು.

ಅವರ ಕೆಲಸ ಹೀಗೆ. ಮೃಗ ಓಡಾಡುವ ದಾರಿಯ ಪಕ್ಕ ಕಲ್ಲಿನ ಸಂದಿಯಲ್ಲಿ ಪೆಟ್ಟಿಗೆಯನ್ನು ಕೂರಿಸುವುದು. ದಾರಿಗೆ ಅಡ್ಡಲಾಗಿ ದಾರ. ದಾರದ ಒಂದು ತುದಿ ಗಿಡಕ್ಕೆ, ಇನ್ನೊಂದು ತುದಿ ಚನ್ನಪಟ್ಟಣದ ಬೊಂಬೆ ಮಾಡುವವರ ಕೈಲಿ ಕಡೆಸಿ ತಂದ ಪುಟ್ಟ ಮರದ ಅಗುಳಿಗೆ. ಕತ್ತಲಾಗುತ್ತಲೇ ಪೆಟ್ಟಿಗೆಯ ಕಣ್ಣು ತೆರೆದಿಟ್ಟು ಮನೆಗೆ ಬಂದುಬಿಡುವುದು. ಮೃಗದ ಎದೆ ದಾರಕ್ಕೆ ತಾಗಿದರೆ ಅಗುಳಿ ಜಾರಿ, ತಗಡಿನ ಮೇಲಿಟ್ಟ ಮದ್ದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಒಂದು ಮಿಂಚಿನಲ್ಲಿ ಕಂಡದ್ದು ಪೆಟ್ಟಿಗೆಯೊಳಗಿನ ಗಾಜಿನ ಮೇಲೆ ಕೂರುತ್ತದೆ. ಬೆಳಕು ಹರಿಯುವ ಮುಂಚೆ ಹೋಗಿ ಕಣ್ಣು ಮುಚ್ಚಬೇಕು, ತಡವಾದರೆ ಬೆಳಕು ಬಿದ್ದು ಗಾಜು ಹಾಳು. ಹಾಗಾಗಿ ಬೆಳದಿಂಗಳ ದಿನಗಳನ್ನು ಬಿಟ್ಟು ದಿನಕ್ಕೆ ಎರಡು ಸಲ, ಮುಚ್ಚಂಜೆಗೊಮ್ಮೆ, ಕೋಳಿ ಕೂಗಿದಾಗೊಮ್ಮೆ, ಗುಡ್ಡ ಹತ್ತಿ ಇಳಿಯುವುದು. ಬಂದು ಜಗಲಿಯ ಮೇಲೆ ಕೂತರೆ ಕಾಲಿನ ಮುಳ್ಳು ಕೀಳುವುದಕ್ಕೂ ಅವರಿಗೆ ತ್ರಾಣವಿರುತ್ತಿರಲಿಲ್ಲ.

ಮೊದಮೊದಲು ಹತ್ತಿಯ ದಾರ ಕಟ್ಟಿದರು. ಅದು ಮಂಜು ಕುಡಿದು ಬಿಗಿದುಕೊಂಡು ಯಾವ ಮೃಗವೂ ಬಾರದೆ ತಾನೇ ಅಗುಳಿ ಎಳೆದುಬಿಡುತ್ತಿತ್ತು. ನಮ್ಮ ಗೂಡು ಕೊಳ್ಳಲು ಬರುತ್ತಿದ್ದ ಚನ್ನಪಟ್ಟಣದ ಇಮಾಮ್ ಸಾಬರು ಮೂರೆಳೆ ಹುರಿ ಹಾಕಿದ ರೇಷ್ಮೆ ತಂದುಕೊಟ್ಟರು. "ಅರೆ ಗೌಡ್ರೆ, ಸೀರೆ ಮಾಡಿದ್ರೆ ಮದುವಣಗಿತ್ತಿ ಉಡ್ತಾಳೆ. ನೀವು ಚಿರತೆಗೆ ಉಡಸ್ತೀರಲ್ಲ!" ಎಂದು ಅವರ ತಮಾಷೆ. ಬಿಳಿ ದಾರ ಕಣ್ಣಿಗೆ ಹೊಡೆಯುತ್ತದೆಂದು ಅದನ್ನು ಕಪ್ಪು ಮಾಡುವ ಕೆಲಸ ನನ್ನದು. ಕಬ್ಬಿಣದ ಬಾಣಲೆಯಲ್ಲಿ ಅಳಲೆಕಾಯಿ ಕುದಿಸಿ ಅದರಲ್ಲಿ ಅದ್ದಿಡುತ್ತಿದ್ದೆ. ಮರುದಿನ ಆ ಬಾಣಲೆಯಲ್ಲಿ ಮಾಡಿದ ಪಲ್ಯವೂ ಕಪ್ಪೇ. ಯಾರೂ ಒಂದು ಮಾತು ಆಡದೆ ಉಣ್ಣುವರು. ಅಂಥ ಮನೆಗೆ ನನ್ನನ್ನು ಕೊಟ್ಟಳಲ್ಲ ಎಂದು ಕಬ್ಬಾಳಮ್ಮನಿಗೆ ಕೈ ಮುಗಿಯುತ್ತಿದ್ದೆ.

ವರ್ಷಗಟ್ಟಲೆ ಕಟ್ಟಿದರೂ ಗಾಜಿಗೆ ಚಿರತೆ ಬೀಳಲಿಲ್ಲ. ಬಿದ್ದದ್ದು ಮುಳ್ಳುಹಂದಿಯ ಹಿಂಭಾಗ, ಎರಡು ಮೊಲ, ಅಗಸರ ಕತ್ತೆ. ಒಂದು ದಿನ ಇನ್ನೂ ಕತ್ತಲಿರುವಾಗಲೇ ನಮ್ಮ ಪಟೇಲರು ಚೊಂಬು ಹಿಡಿದು ಆ ಕಡೆ ಹೋದವರು ದಾರ ಎಡವಿದರು. ಮದ್ದು ಹೊತ್ತಿತು. ಪಟೇಲರು ಚೊಂಬು ಎಸೆದು ಓಡಿಬಂದು, ಮುನೇಶ್ವರ ಕಣ್ಣು ಬಿಟ್ಟ ಎಂದು ಅವನಿಗೆ ಕೋಳಿ ಕೊಯ್ಯಿಸಿದರು. ಗಾಜು ತೊಳೆದು ನೋಡಿದ ಭಾವನವರಿಗೆ ಮುನೇಶ್ವರ ಯಾರೆಂದು ತಿಳಿಯಿತು. "ಮುರುಗಾದ್ದು ಸರಿ, ಮನುಸನ ಮರ್ವಾದಿ ತೆಗೀಬಾರ್ದು" ಎಂದು ಗಾಜನ್ನು ಉಜ್ಜಿ ಹಾಕಿದರು. ಆದರೆ ಅತ್ತೆಯ ಹೊಟ್ಟೆಯಲ್ಲಿ ಆ ಮಾತು ಅರಗಲಿಲ್ಲ. ಬಾವಿಯ ಕಟ್ಟೆಗೆ ಹೋಯಿತು, ಅಲ್ಲಿಂದ ಊರಿಗೆ ಹೋಯಿತು. ಅವತ್ತಿನಿಂದ ಪಟೇಲರಿಗೆ ಭಾವನವರ ಪೆಟ್ಟಿಗೆ ಕಂಡರೆ ಮೈ ಉರಿ.

ಈಗ ಈರನ ವಿಷಯ ಹೇಳಬೇಕು. ಈರ ಊರಿನ ಮೇಕೆ ಕಾಯುವವನು. ಅವನ ಹೆಂಡತಿ ನಿಂಗಿ. ನನ್ನ ಮೊದಲ ಮಗ ಹುಟ್ಟಿದಾಗ ನನಗೆ ಬಾಣಂತಿ ಸನ್ನಿ ಹಿಡಿದು ಹದಿನೈದು ದಿನ ಎಚ್ಚರವಿರಲಿಲ್ಲ. ಅಷ್ಟೂ ದಿನ ನನ್ನ ಕೂಸಿಗೆ ಹಾಲು ಕೊಟ್ಟವಳು ನಿಂಗಿ. ತನ್ನದನ್ನು ಒಂದು ಮಗ್ಗುಲಿಗೆ, ನನ್ನದನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ನಮ್ಮ ಹಜಾರದಲ್ಲೇ ಮಲಗುತ್ತಿದ್ದಳಂತೆ. ಕಣ್ಣು ಬಿಟ್ಟಾಗ ನಾನು ಮೊದಲು ಕಂಡದ್ದು ಅವಳ ಮುಖ.

ಆ ವರ್ಷ ಗುಡ್ಡಕ್ಕೆ ಹೋದ ಮೇಕೆಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಈರ ಚಿರತೆ ಎಂದ. ಪಟೇಲರು ಕಳ್ಳತನ ಎಂದರು. ಚಾವಡಿಯಲ್ಲಿ ನ್ಯಾಯ ಸೇರಿತು. ಅಲ್ಲಿ ನಡೆದದ್ದನ್ನು ನನ್ನ ಯಜಮಾನರು ಬಂದು ಹೇಳಿದರು.

"ಚಿರ್ತೆ ಒಯ್ತು, ಚಿರ್ತೆ ಒಯ್ತು ಅಂತೀಯಲ್ಲ, ಒಂದು ಮೂಳೆ ಬ್ಯಾಡ್ವೇನ್ಲಾ? ಸಾತನೂರು ಸಂತೇಲಿ ಯಾರ್ ಕೈಗೆ ಹಗ್ಗ ಕೊಟ್ಟೆ, ಬೊಗಳು" ಎಂದರಂತೆ ಪಟೇಲರು.

"ಕಬ್ಬಾಳಮ್ಮನಾಣೆ ಗೌಡ್ರೆ, ಬಂಡೆ ಮ್ಯಾಕೆ ಎತ್ಕಂಡೋಯ್ತದೆ. ಅಲ್ಲಿಗೆ ಮನುಸ್ರು ಹತ್ತಕಾದಾತಾ?"

ಈರನ ಸಂಸಾರ ಊರು ಬಿಡಬೇಕು ಎಂದು ಹಿರಿಯರು ತಲೆ ಅಲ್ಲಾಡಿಸುವ ಹೊತ್ತಿಗೆ ಭಾವನವರು ಎದ್ದು ನಿಂತರಂತೆ. "ಸನಿವಾರದ ಗಂಟ ತಡೀರಿ. ಚಿರ್ತೆ ಕೈಲೇ ಸಾಕ್ಸಿ ಹೇಳಿಸ್ತೀನಿ."

"ಏನ್ಲಾ ಮರಿ, ಮುಳ್ಳಂದಿ ತಿಕ ತೋರ್ಸಿ ನ್ಯಾಯ ಕೇಳ್ತೀಯಾ?" ಎಂದು ಪಟೇಲರು ನಗಿಸಿದರು. ಆದರೂ ಶನಿವಾರದವರೆಗೆ ಎಂದು ಗಡುವು ಸಿಕ್ಕಿತು.

ಬುಧವಾರ ದಾರ ಕಟ್ಟಿದರು. ಗುರುವಾರ ಏನೂ ಇಲ್ಲ. ಶುಕ್ರವಾರ ಬೆಳಗ್ಗೆ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಬಂದರು. "ಕಂಬವ್ವ, ಮದ್ದು ಹೊತ್ತೈತೆ. ದಾರ ಕಿತ್ತೋಗೈತೆ. ಅಂಗೈ ಅಗ್ಲದ ಹೆಜ್ಜೆ!" ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ಸುದ್ದಿ ತಿಳಿದು ನಿಂಗಿ ಹಿತ್ತಲಿಗೆ ಓಡಿಬಂದಳು. ಅವಳ ಕೈ ಹಿಡಿದು "ನಾಳೆ ಗೆಲ್ತೀಯೆ ಕಣೆ" ಎಂದು ನಾನೇ ಹೇಳಿದೆ. ನನ್ನ ಬಾಯಿಂದಲೇ ಬಂದ ಮಾತು ಅದು.

ಪಟ ಮೂಡುವಂತೆ ಗಾಜು ತೊಳೆಯುವುದು ಕಣಜದ ಕೋಣೆಯಲ್ಲಿ. ಅವರ ದ್ರಾವಣದ ಘಾಟು ಹುಳಕ್ಕೆ ಆಗದೆಂದು ಅತ್ತೆ ಆ ಮೂಲೆಗೆ ತಳ್ಳಿದ್ದರು. ಹಗಲಲ್ಲಿ ಸೂರಿನ ಸಂದಿಯಿಂದ ಬೆಳಕು ಬೀಳುತ್ತದೆ, ಅದಕ್ಕೆ ಕತ್ತಲಾಗುವವರೆಗೂ ಕಾಯಬೇಕು. ಬಾಗಿಲಿಗೆ ಅಗುಳಿಯಿಲ್ಲ, ಒಂದು ಕಂಬಳಿ ಇಳಿಬಿಟ್ಟಿತ್ತು. ಒಳಗೆ ಕೆಲಸ ನಡೆಯುವಾಗ ಹೊರಗಡೆ ಬಾಗಿಲಿಗೆ ಅಡ್ಡಲಾಗಿ ಒಂದು ದಾರ ಕಟ್ಟುವರು. ದಾರ ಕಂಡರೆ ನಾವು ಯಾರೂ ಹೋಗುತ್ತಿರಲಿಲ್ಲ.

ಆ ಸಂಜೆ ದಾರವಿರಲಿಲ್ಲ. ಮನೆಯಲ್ಲಿದ್ದ ದಾರವೆಲ್ಲ ಗುಡ್ಡದ ಮೇಲೆ ಹೋಗಿತ್ತು. ಅತ್ತೆ ಗುಡಿಗೆ ಹೋಗಿದ್ದರು. ಶುಕ್ರವಾರ ದೀಪ ಹಚ್ಚಿದೊಡನೆ ಮೊದಲು ಕಣಜಕ್ಕೆ ತೋರಿಸಬೇಕು, ಲಕ್ಷ್ಮಿ ಇರುವ ಜಾಗ. ಕಂಬಳಿಯ ಮುಂದೆ ನಿಂತೆ. ಒಳಗೆ ಏನೋ ಸದ್ದಾದಂತೆ ಅನಿಸಿತು, ಸುಳ್ಳು ಹೇಳುವುದಿಲ್ಲ. "ಭಾವ, ಒಳಗಿದ್ದೀರಾ?" ಎಂದು ಒಂದು ಮಾತು ಕೇಳಿದ್ದರೆ ಆಗಿತ್ತು. ಕೇಳುವಂತಿರಲಿಲ್ಲ. ಹೆಗ್ಗಣವಿರಬೇಕು ಎಂದುಕೊಂಡು, ದೇವರನ್ನು ನೆನೆದು, ಕಂಬಳಿ ಎತ್ತಿ ದೀಪ ಹಿಡಿದು ಒಳಗೆ ಕಾಲಿಟ್ಟೆ.

ಭಾವನವರು ತಟ್ಟೆಯ ಮೇಲೆ ಬಗ್ಗಿ ಕೂತಿದ್ದರು. ತಟ್ಟೆಯೊಳಗಿನ ಗಾಜು ನನ್ನ ಕಣ್ಣೆದುರಿಗೇ ಮೋಡ ಕವಿದಂತೆ ಕಪ್ಪಾಗುತ್ತಾ ಬಂತು. ಅಂಚಿನಿಂದ ಅಂಚಿಗೆ ಕಪ್ಪು. ಅವರು ಅದನ್ನೇ ನೋಡಿದರು, ಆಮೇಲೆ ನನ್ನ ಕೈಯ ದೀಪವನ್ನು ನೋಡಿದರು.

ಆಗ ಅವರು ಮೊಟ್ಟಮೊದಲ ಸಲ ನೇರವಾಗಿ ನನಗೆ ಮಾತಾಡಿದರು. "ದೀಪ ಅಲ್ಲಿಟ್ಬುಟ್ಟು ಹೋಗವ್ವ. ಸುಕ್ರುವಾರ ದೀಪ ತಂದೋಳ್ನ ಬೈಬಾರ್ದು." ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು. "ಯಾರ್ ಕೇಳಿದ್ರೂ ಗಾಜು ಕೆಟ್ಟೋಯ್ತು, ಅಷ್ಟೆಯ. ನನ್ ತಮ್ಮನ್ ತಾವ್ಲೂ ಹೇಳ್ಬ್ಯಾಡ."

ಆ ಗಾಜಿನ ಮೇಲೆ ಏನಿತ್ತೋ ಇಂದಿಗೂ ಯಾರಿಗೂ ಗೊತ್ತಿಲ್ಲ. ಬಾಯಲ್ಲಿ ಮೇಕೆ ಕಚ್ಚಿದ ಚಿರತೆಯೋ, ಬರಿಯ ಚಿರತೆಯೋ, ಚಿರತೆ ದಾಟಿ ಹೋದ ಮೇಲೆ ಬಂದ ಮುಳ್ಳುಹಂದಿಯೇ ದಾರ ಕಿತ್ತಿತ್ತೋ. ಮುಳ್ಳುಹಂದಿಯೇ ಆಗಿರಲಿ ತಾಯಿ ಎಂದು ಎಷ್ಟೋ ವರ್ಷ ಬೇಡಿಕೊಂಡಿದ್ದೇನೆ.

ಶನಿವಾರ ಚಾವಡಿಯಲ್ಲಿ ಭಾವನವರು "ಗಾಜು ಕೆಟ್ಟೋಯ್ತು, ನನ್ ಕೈತಪ್ಪು, ಇನ್ನೊಂದು ವಾರ ಕೊಡಿ" ಎಂದರು. "ಇನ್ನೊಂದು ವಾರಕ್ಕೆ ಇನ್ನೊಂದು ಮುಳ್ಳಂದಿ" ಎಂದರು ಪಟೇಲರು. ಜನ ನಕ್ಕರು. ನ್ಯಾಯ ಮುಗಿಯಿತು.

ಅದೇ ಮಧ್ಯಾಹ್ನ ಈರ ಗುಡಾರದ ಕಂಬಳಿ, ಮಡಕೆ ಹೊತ್ತು ಮುಂದೆ ಹೋದ. ನಿಂಗಿ ನಮ್ಮ ಮನೆಯ ಮುಂದೆ ನಿಂತಳು. ಭಾವನವರು ಜಗಲಿಯಿಂದ ಇಳಿದು ಬಂದರು.

"ನಂಬಿಸ್ಬುಟ್ಟು ಕತ್ತು ಕೊಯ್ದ್ಯಲ್ಲೋ! ಆಗಕಿಲ್ಲ ಅಂದಿದ್ರೆ ಆವತ್ತೇ ಕಾಲಿಗೆ ಬಿದ್ದು ಬೇಡ್ಕಂತಿದ್ವು. ನಿನ್ನ ಕಣ್ಣು ಇಂಗೋಗ!" ಎಂದು ಬೊಗಸೆ ತುಂಬ ಮಣ್ಣು ತೆಗೆದು ಅವರ ಮುಖಕ್ಕೆ ತೂರಿದಳು. ಅವರು ಮುಖ ಒರೆಸಿಕೊಳ್ಳಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನಾನು ಅವಳಿಗೆ ಕಂಡೆ. ಅವಳ ದನಿ ಇಳಿಯಿತು. "ನೀನ್ ಸಂದಾಗಿರವ್ವ. ಕೂಸ್ನ ನೋಡ್ಕೊ."

ನಾನು ಬಾಗಿಲ ಹಿಂದಕ್ಕೆ ಸರಿದುಕೊಂಡೆ.

ಆಮೇಲೆ ಭಾವನವರು ಹಟ ಹಿಡಿದವರ ಹಾಗೆ ಗುಡ್ಡ ಹತ್ತಿದರು. ಉಳಿದದ್ದು ಒಂದೇ ಗಾಜು. ಚಳಿ ಮುಗಿದು ಬಿಸಿಲು ಬಂತು. ಅವರ ಪಕ್ಕೆಲುಬು ಎಣಿಸುವ ಹಾಗಾಯಿತು. "ಯಾಕ್ಲಾ ಮರಿ, ಹೋದೋರು ಹೋದ್ರು, ಇನ್ಯಾರಿಗೆ ಇದು?" ಎಂದು ಅತ್ತೆ ಅಳುವರು. ನನಗೆ ಮಾತ್ರ ಗೊತ್ತು ಯಾರಿಗೆಂದು. ದಿನವೂ ಅವರು ಹೊರಡುವ ಮುಂಚೆ ಎದ್ದು ರಾಗಿ ಅಂಬಲಿ ಕಾಯಿಸಿ ಕಂಬದ ಬುಡದಲ್ಲಿ ಇಡುತ್ತಿದ್ದೆ. ಅಷ್ಟು ಬಿಟ್ಟು ನನ್ನ ಕೈಲಿ ಇನ್ನೇನೂ ಆಗುತ್ತಿರಲಿಲ್ಲ.

ಕಡೆಗೆ ಯುಗಾದಿಯ ಹೊತ್ತಿಗೆ ಚಿರತೆ ಗಾಜಿಗೆ ಬಿತ್ತು. ಬಿಸಿಲಿಗಿಟ್ಟು ಕಾಗದಕ್ಕೆ ಇಳಿಸಿದಾಗ ನಾನೂ ನೋಡಿದೆ. ಚಿರತೆ ಕತ್ತೆತ್ತಿ ನಿಂತಿದೆ. ಬಾಯಲ್ಲಿ ಒಂದು ಬಿಳಿಯ ಹೋತ, ಕಾಲು ನೆಲಕ್ಕೆ ಎಳೆಯುತ್ತಿದೆ. ಚಿರತೆಯ ಮುಖದಲ್ಲಿ ಸಿಟ್ಟೂ ಇಲ್ಲ, ಹೆದರಿಕೆಯೂ ಇಲ್ಲ. ಹೊರೆ ಹೊತ್ತು ಮನೆಗೆ ಹೊರಟ ಹೆಂಗಸಿನ ಹಾಗೆ ಸುಸ್ತಾಗಿ ಕಂಡಿತು ನನಗೆ. ಪಟೇಲರು ಪಟವನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದರಂತೆ. "ಹೋತ ನಮ್ದೇ ಕಣ್ಲಾ" ಎಂದರಂತೆ. ಈರನನ್ನು ಕರೆಸಿಕೊಳ್ಳಿ ಎಂದು ಹಿರಿಯರು ಹೇಳಿದರು.

ಹುಡುಕಿಕೊಂಡು ಭಾವನವರೇ ಹೋದರು. ಕನಕಪುರದಿಂದ ಆಚೆ ಒಂದು ಹಟ್ಟಿಯಲ್ಲಿ ಈರ ಸಿಕ್ಕಿದನಂತೆ. ಮೂರನೆಯ ದಿನ ಬಂದು ಕಂಬಕ್ಕೆ ಒರಗಿ ನೀರು ಕುಡಿದು ಹೇಳಿದರು. "ಬರಾಕಿಲ್ಲ ಅಂದ. 'ಗಾಜು ಹೇಳಿದ್ರೆ ನಂಬ್ತೀರಿ. ಬಾಯಿರೋ ನಾನು ಹೇಳ್ದೆ, ನಂಬ್ನಿಲ್ಲ. ಆ ಊರ್ಗೆ ಏನ್ ನೋಡಕ್ ಬರ್ಲಿ' ಅಂದ. ಸರಿಯಾಗೇ ಅಂದ. ನಿಂಗಿ ಈಚೆಗೇ ಬರ್ನಿಲ್ಲ."

ಪೆಟ್ಟಿಗೆಯನ್ನು ಇಮಾಮ್ ಸಾಬರಿಗೆ ಕೊಟ್ಟುಬಿಟ್ಟರು. ಮಿಕ್ಕ ದಾರದ ಉಂಡೆಯನ್ನು ಕಂಬದ ಬುಡದಲ್ಲಿಟ್ಟು ಹೋದರು. ಅದರಲ್ಲಿ ನಾನು ಎಷ್ಟೋ ಕಾಲ ಕಬ್ಬಾಳಮ್ಮನಿಗೆ ಹೂ ಕಟ್ಟಿದೆ.

ವಯಸ್ಸಾದ ಮೇಲೆ ಅವರ ಕಣ್ಣಿಗೆ ಪೊರೆ ಬಂದು ಪೂರ್ತಿ ಮುಚ್ಚಿತು. ನಿಂಗಿಯ ಶಾಪ ತಗುಲಿತು ಎಂದರು ಊರವರು. "ಶಾಪನೂ ಇಲ್ಲ, ಏನೂ ಇಲ್ಲ. ಮದ್ದಿನ ಹೊಗೆ ಕಣ್ರಯ್ಯ" ಎಂದು ಅವರು ನಗುವರು. ಒಳಗೆ ರಾಗಿ ಬೀಸುತ್ತಿದ್ದ ನನಗೆ ಕಲ್ಲು ತಿರುಗುತ್ತಿರಲಿಲ್ಲ.

ಅತ್ತೆ ಹೋದರು. ನನ್ನ ಯಜಮಾನರೂ ಹೋದರು. ಬೈಯುವವರು ಯಾರೂ ಉಳಿಯದ ಮೇಲೆ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಾ ಅವರ ಪಕ್ಕದಲ್ಲೇ ಕೂತು ಕೇಳಿದೆ. "ಭಾವ, ನಿಂಗಿಗೆ ಹೇಳ್ಬುಡ್ಲಾ?"

ಅವರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಬ್ಯಾಡ ತಾಯಿ. ಅವ್ಳು ನಿನ್ನ ಕೂಸ್ಗೆ ಹಾಲು ಕೊಟ್ಟೋಳು. ನಿಮ್ಮಿಬ್ರಿಗೂ ಅದೊಂದು ಉಳ್ಕಂಡೈತೆ. ಅದ್ಯಾಕೆ ಕೆಡಿಸ್ಕಂತೀಯ? ನಂಗೂ ಅವ್ಳಿಗೂ ಏನೈತೆ, ಒಂದು ಬೊಗಸೆ ಮಣ್ಣು ತಾನೆ."

ಇಷ್ಟು ವರ್ಷ ಅವರು ಅದನ್ನು ಕಾಯ್ದುಕೊಂಡು ಬಂದಿದ್ದರು ಎಂದು ಆಗ ತಿಳಿಯಿತು. ಅದಾಗಿ ಎಂಟನೆಯ ದಿನ ಹೋದರು. ನೋವಿಲ್ಲದೆ, ಕೂತಲ್ಲೇ. ಅದೂ ಅಮ್ಮನ ದಯೆ.

ಅವರ ಮಾತನ್ನು ನಾನು ನಡೆಸಲಿಲ್ಲ. ತಿಥಿ ಮುಗಿದ ಮೇಲೆ ಮೊದಲ ಮಗನ ಕೈಲಿ ಗಾಡಿ ಕಟ್ಟಿಸಿಕೊಂಡು ಕನಕಪುರದ ಆಚೆಯ ಆ ಹಟ್ಟಿಗೆ ಹೋದೆ. ಈರ ತೀರಿಹೋಗಿದ್ದ. ನಿಂಗಿ ಗುಡಿಸಲ ಮುಂದೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಮಗನನ್ನು ಗಾಡಿಯ ಹತ್ತಿರವೇ ಬಿಟ್ಟು ಹೋಗಿ ಅವಳೆದುರು ಕೂತೆ. ಶುಕ್ರವಾರದ ದೀಪದಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದೆ.

ಅವಳ ಕೈಯ ಮೊರ ನಿಂತಿತು. ಹುರುಳಿಯ ಹೊಟ್ಟು ಗಾಳಿಗೆ ನಮ್ಮಿಬ್ಬರ ಮೇಲೂ ಹಾರಿತು. ಅದನ್ನು ಕೊಡವಿಕೊಳ್ಳದೆ ಕೇಳಿದಳು.

"ಕೊನೇಗೆ ಏನಾರ ಉಣ್ತಿದ್ರಾ?"

"ಗಂಜಿ ಕುಡೀತಿದ್ರು."

"ಯಾರ್ ಕುಡಿಸ್ತಿದ್ರು?"

"ನಾನೇ."

ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ದ್ಯಾವರಂತ ಮನುಸನ್ಗೆ ಮಣ್ಣು ತೂರಿಸ್ಬುಟ್ಯಲ್ಲೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಎದ್ದು ಬಂದೆ. ಗಾಡಿ ಹೊರಟ ಮೇಲೆ ತಿರುಗಿ ನೋಡಿದಾಗ ಅವಳು ಎದ್ದು ನಿಂತಿದ್ದಳು. ನೊಗದ ಹತ್ತಿರ ಕೂತಿದ್ದ ನನ್ನ ಮಗನನ್ನೇ ನೋಡುತ್ತಿದ್ದಳು.